ಬರೆದ ಋಣ, ಬರೆಯದ ಋಣ: ಜಾನ್ ಸ್ಟುವರ್ಟ್ ಮಿಲ್ ಆತ್ಮಕಥೆಯ ಸುತ್ತ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇನೆ. ಅದರಲ್ಲಿನ ಒಂದು ಮಾತಿನಿಂದಲೇ ಶುರು ಮಾಡುತ್ತೇನೆ.

'ನಾನು 1806ರ ಮೇ 20ರಂದು ಲಂಡನ್ನಿನಲ್ಲಿ ಹುಟ್ಟಿದೆ. ಬ್ರಿಟಿಷ್ ಇಂಡಿಯಾದ ಇತಿಹಾಸ ಬರೆದ ಜೇಮ್ಸ್ ಮಿಲ್ ಅವರ ಹಿರಿಯ ಮಗ ನಾನು.'

ಜಾನ್ ಸ್ಟುವರ್ಟ್ ಮಿಲ್ ತನ್ನ ಹುಟ್ಟಿನ ಬಗ್ಗೆ ಬರೆದುಕೊಂಡದ್ದು ಇಷ್ಟು. ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಳ್ಳಿ. ಊರು ಇದೆ, ತಾರೀಖು ಇದೆ. ಅಪ್ಪನ ಹೆಸರಿದೆ. ಅಪ್ಪ ಬರೆದ ಪುಸ್ತಕವೂ ಇದೆ. ಹೆತ್ತವಳು ಇಲ್ಲ. ಮುಂದಿನ ಪುಟದಲ್ಲಿ ಬರಬಹುದು ಅಂತ ಕಾಯುತ್ತೇವೆ. ಬರುವುದಿಲ್ಲ. ಅಪ್ಪ ಕೈಯಲ್ಲಿ ಕಾಸಿಲ್ಲದೆ ಮದುವೆಯಾದ, ಮನೆ ತುಂಬ ಮಕ್ಕಳಾದವು ಅನ್ನುವ ಮಾತು ಅಪ್ಪನ ಕಷ್ಟ ಹೇಳುವಾಗ ಒಮ್ಮೆ ಬರುತ್ತದೆ, ಅಷ್ಟೇ. ಪುಸ್ತಕ ಮುಗಿದರೂ ಅಮ್ಮನ ಬಗ್ಗೆ ಒಂದು ಮಾತಿಲ್ಲ.

ಇದು ಯಾಕೆ ಇಷ್ಟು ಕಾಡಬೇಕು? ಮಿಲ್ ಈ ಪುಸ್ತಕ ಬರೆದದ್ದೇ ಋಣ ಹೇಳಿಕೊಳ್ಳುವುದಕ್ಕೆ, ಅದಕ್ಕೆ.

ಮಿಲ್ ಯಾರು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. 19ನೇ ಶತಮಾನದ ಇಂಗ್ಲೆಂಡಿನ ದೊಡ್ಡ ತತ್ವಜ್ಞಾನಿ. ತರ್ಕಶಾಸ್ತ್ರದ ಮೇಲೆ ಅವನ ದೊಡ್ಡ ಗ್ರಂಥ ಬಂದದ್ದು 1843ರಲ್ಲಿ. ಅರ್ಥಶಾಸ್ತ್ರದ ಮೇಲೆ ಇನ್ನೊಂದು, 1848ರಲ್ಲಿ. 1859ರಲ್ಲಿ 'ಆನ್ ಲಿಬರ್ಟಿ'. ಮಾತಾಡುವ ಸ್ವಾತಂತ್ರ್ಯದ ಚರ್ಚೆ ಎಲ್ಲೇ ನಡೆದರೂ ಈ ಸಣ್ಣ ಪುಸ್ತಕದ ನೆನಪು ಇವತ್ತಿಗೂ ಬರುತ್ತದೆ. 1869ರಲ್ಲಿ ಹೆಂಗಸರ ಅಧೀನ ಸ್ಥಿತಿಯ ಬಗ್ಗೆ ಒಂದು ಪುಸ್ತಕ. ಆತ್ಮಕಥೆಯನ್ನು 1853-54ರ ಹೊತ್ತಿಗೇ ಬರೆಯಲು ಕೂತಿದ್ದ. ಮತ್ತೆ 1861ರಲ್ಲಿ ತಿದ್ದಿದ. ಕೊನೆಯ ಭಾಗ ಸೇರಿಸಿದ್ದು 1870ರ ಆಸುಪಾಸಿನಲ್ಲಿ. ಅಚ್ಚಾದದ್ದು 1873ರಲ್ಲಿ, ಅವನು ತೀರಿಕೊಂಡ ಕೆಲವೇ ತಿಂಗಳಿಗೆ.

ಮೊದಲ ಪುಟದಲ್ಲೇ ಮಿಲ್ ಮೂರು ಕಾರಣ ಕೊಡುತ್ತಾನೆ. ನನಗೆ ಸಿಕ್ಕ ಓದು ಯಾರಿಗೂ ಸಿಗದಂಥದ್ದು, ಅದು ದಾಖಲಾಗಲಿ ಎನ್ನುವುದು ಒಂದು. ಕಲಿಯಲೂ ಕಲಿತದ್ದನ್ನು ಬಿಡಲೂ ತಯಾರಿದ್ದ ಮನಸ್ಸೊಂದು ಹೇಗೆ ಬದಲಾಗುತ್ತಾ ಹೋಯಿತು ಎಂದು ತೋರಿಸುವುದು ಇನ್ನೊಂದು. ಈ ಎರಡಕ್ಕಿಂತ ದೊಡ್ಡದು ಮೂರನೆಯದು: ನನ್ನ ಬುದ್ಧಿ, ನನ್ನ ನಡತೆ ಯಾರು ಯಾರಿಗೆ ಋಣಿಯೋ ಅದನ್ನು ಒಪ್ಪಿಕೊಳ್ಳಬೇಕು. ಅವರಲ್ಲಿ ಕೆಲವರು ದೊಡ್ಡ ಹೆಸರಿನವರು, ಕೆಲವರು ಸಿಗಬೇಕಾದ ಹೆಸರು ಸಿಗದವರು, ಎಲ್ಲರಿಗಿಂತ ಜಾಸ್ತಿ ಋಣವಿರುವ ಒಬ್ಬರನ್ನಂತೂ ಈ ಲೋಕಕ್ಕೆ ತಿಳಿಯುವ ಅವಕಾಶವೇ ಬರಲಿಲ್ಲ. ಹೀಗೆ ಬರೆಯುತ್ತಾನೆ.

ಎಷ್ಟು ಒಳ್ಳೆಯ ಕಾರಣ ಅಲ್ವಾ? ಆತ್ಮಕಥೆ ಅಂದರೆ ನಾನು ಇದನ್ನು ಮಾಡಿದೆ, ಅದನ್ನು ಗೆದ್ದೆ ಅನ್ನುವುದು ವಾಡಿಕೆ. ಇವನು ಕಡ ತಂದವರ ಪಟ್ಟಿ ಬಿಚ್ಚಿಟ್ಟುಕೊಂಡು ಕೂತಿದ್ದಾನೆ. ನಮ್ಮಲ್ಲಿ ತಂದೆ ಋಣ, ತಾಯಿ ಋಣ, ಗುರು ಋಣ, ಅನ್ನದ ಋಣ ಅಂತೆಲ್ಲ ಹೇಳುತ್ತೇವಲ್ಲ, ಆ ಕಣ್ಣಿನಿಂದ ಈ ಪುಸ್ತಕ ಓದಿದರೆ ಏನು ಕಾಣುತ್ತದೆ ಎನ್ನುವುದೇ ನನ್ನ ಇವತ್ತಿನ ಮಾತು.

ಮೊದಲು ತಂದೆಯ ಋಣ. ಇದನ್ನು ಅವನು ಬಡ್ಡಿ ಸಮೇತ ಬರೆದಿದ್ದಾನೆ.

ಮೂರು ವರ್ಷಕ್ಕೆ ಗ್ರೀಕ್ ಶುರು. ಅಪ್ಪ ರಟ್ಟಿನ ಚೀಟಿಗಳ ಮೇಲೆ ಗ್ರೀಕ್ ಪದ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಬರೆದು ಕೊಡುತ್ತಿದ್ದ. ಮೊದಲು ಓದಿದ್ದು ಈಸೋಪನ ಕತೆಗಳು. ಎಂಟನೇ ವರ್ಷಕ್ಕೆ ಲ್ಯಾಟಿನ್. ಅಷ್ಟು ಹೊತ್ತಿಗೆ ಹೆರೊಡೊಟಸ್ ಪೂರ್ತಿ ಮುಗಿದಿತ್ತು, ಪ್ಲೇಟೋನ ಆರು ಸಂವಾದ ಮುಗಿದಿತ್ತು. ಅದರಲ್ಲಿ ಕೊನೆಯದನ್ನು ಓದಿಸದೆ ಬಿಟ್ಟಿದ್ದರೆ ಚೆನ್ನಾಗಿತ್ತು, ಅದು ನನಗೆ ಅರ್ಥವಾಗಲು ಸಾಧ್ಯವೇ ಇರಲಿಲ್ಲ ಅಂತ ಆಮೇಲೆ ಬರೆಯುತ್ತಾನೆ. ಶಾಲೆ ಇಲ್ಲ. ಬೇರೆ ಹುಡುಗರ ಜತೆ ಆಟ ಇಲ್ಲ. ರಜೆ ಇಲ್ಲ. ಬೆಳಿಗ್ಗೆ ತಿಂಡಿಗೆ ಮೊದಲು ಅಪ್ಪನ ಜತೆ ಹಸಿರು ಓಣಿಗಳಲ್ಲಿ ನಡೆಯಲು ಹೋಗಬೇಕು. ಹಿಂದಿನ ದಿನ ಓದಿದ್ದನ್ನು ನಡೆಯುತ್ತಾ ಒಪ್ಪಿಸಬೇಕು. ಓದುವಾಗ ಚೀಟಿಗಳಲ್ಲಿ ಗುರುತು ಹಾಕಿಕೊಂಡು, ಅದನ್ನು ನೋಡಿಕೊಂಡು ಕತೆ ಹೇಳುತ್ತಿದ್ದ. ಸಂಜೆ ಲೆಕ್ಕ. ಅದು ಎಷ್ಟು ಬೇಜಾರಿನದ್ದು ಎಂದು ಮರೆಯದೆ ಬರೆದಿದ್ದಾನೆ. ದೀಪ ಹಚ್ಚಿದ ಮೇಲೆ ಅಪ್ಪನ ಮುಂದೆ ಕೂತು ಮಗ್ಗಿ ಒಪ್ಪಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನಗೆ ಬಿಟ್ಟರೂ ಬಿಡದ ಚಿತ್ರ ಬೇರೆ. ಅದು ಒಂದು ಮೇಜು.

ಅಪ್ಪ, ಮಗ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಮುಂದೆ ಕೂರುತ್ತಿದ್ದರು. ಅಪ್ಪ ಭಾರತದ ಇತಿಹಾಸ ಬರೆಯುತ್ತಿದ್ದಾನೆ. ಮಗ ಗ್ರೀಕ್ ಪಾಠ ತಯಾರು ಮಾಡುತ್ತಿದ್ದಾನೆ. ಆ ಕಾಲದಲ್ಲಿ ಗ್ರೀಕ್‌ನಿಂದ ಇಂಗ್ಲಿಷಿಗೆ ನಿಘಂಟು ಇರಲಿಲ್ಲ. ಗ್ರೀಕ್‌ನಿಂದ ಲ್ಯಾಟಿನ್‌ಗೆ ಇತ್ತು. ಹುಡುಗನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಹಾಗಾಗಿ ಗೊತ್ತಿಲ್ಲದ ಪದ ಬಂದಾಗಲೆಲ್ಲ ಅಪ್ಪನನ್ನೇ ಕೇಳಬೇಕು. ಒಂದು ಪದ, ಇನ್ನೊಂದು ಪದ, ಮತ್ತೊಂದು ಪದ. ಜೇಮ್ಸ್ ಮಿಲ್ ತಾಳ್ಮೆ ಇಲ್ಲದ ಮನುಷ್ಯ, ಮಗನೇ ಹಾಗೆ ಹೇಳುತ್ತಾನೆ. ಅಂಥವನು ಪ್ರತಿ ಸಲವೂ ಲೇಖನಿ ಎತ್ತಿ, ಅರ್ಥ ಹೇಳಿ, ಮತ್ತೆ ತನ್ನ ವಾಕ್ಯಕ್ಕೆ ವಾಪಸ್ ಹೋಗುತ್ತಿದ್ದ. ಇತಿಹಾಸದ ಎಷ್ಟೋ ಸಂಪುಟಗಳನ್ನು ಈ ಅಡ್ಡಿಯ ನಡುವೆಯೇ ಬರೆದ. ಮನೆಯಿಂದ ಕೆಲಸ ಮಾಡುವ ಅಪ್ಪ ಅಮ್ಮಂದಿರು ಈ ಸಭೆಯಲ್ಲಿ ತುಂಬ ಜನ ಇದ್ದೀರಿ. ಮಗು ಹತ್ತನೇ ಸಲ ಬಂದು ಕೇಳಿದಾಗ ಲ್ಯಾಪ್‌ಟಾಪಿನಿಂದ ತಲೆ ಎತ್ತುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು.

ಅಪ್ಪನ ಕಠಿಣತೆಯನ್ನು ಮಿಲ್ ಮುಚ್ಚಿಟ್ಟಿಲ್ಲ. ಅಪ್ಪನಿಗೆ ಪ್ರೀತಿ ತೋರಿಸಲು ಬರುತ್ತಿರಲಿಲ್ಲ, ಮಕ್ಕಳಿಗೆ ಅವನೆಂದರೆ ಭಯ ಇತ್ತು ಎನ್ನುತ್ತಾನೆ. ಜತೆಗೆ ಈ ಮೇಜನ್ನೂ ಮರೆತಿಲ್ಲ. ಎರಡನ್ನೂ ಒಂದೇ ಕೈ ಬರೆದಿದೆ. ಹದಿನಾಲ್ಕನೇ ವಯಸ್ಸಿಗೆ ಮಗ ಫ್ರಾನ್ಸಿಗೆ ಹೊರಟ. ಆಗ ಅಪ್ಪ ಹೈಡ್ ಪಾರ್ಕಿನಲ್ಲಿ ನಡೆಯುತ್ತಾ ಅವನಿಗೆ ಒಂದು ಮಾತು ಹೇಳಿದ: ನಿನ್ನ ವಯಸ್ಸಿನವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಿದೆ ಎಂದು ಜನ ಹೊಗಳುತ್ತಾರೆ. ಅದು ನಿನ್ನ ಹೆಚ್ಚುಗಾರಿಕೆ ಅಲ್ಲ. ಕಲಿಸಬಲ್ಲ, ಅದಕ್ಕಾಗಿ ಶ್ರಮ ಪಡಲು ಮನಸ್ಸಿದ್ದ ಅಪ್ಪ ನಿನಗೆ ಸಿಕ್ಕಿದ, ಅಷ್ಟೇ. ಮಗ ಈ ಮಾತನ್ನು ಕೊನೆಯವರೆಗೂ ಇಟ್ಟುಕೊಂಡ. ಋಣದ ಲೆಕ್ಕ ಬರೆಯುವ ಬುದ್ಧಿ ಅವನಿಗೆ ಅಲ್ಲಿಂದಲೇ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇನ್ನು ಎಲ್ಲರಿಗೂ ಗೊತ್ತಿರುವ ಅಧ್ಯಾಯಕ್ಕೆ ಬರುತ್ತೇನೆ.

1826ರ ಶರತ್ಕಾಲ. ಮಿಲ್‌ಗೆ ಇಪ್ಪತ್ತು ವರ್ಷ. ಜಗತ್ತನ್ನು ಸುಧಾರಿಸಬೇಕು ಅನ್ನುವುದೇ ಅವನ ಬದುಕಿನ ಗುರಿ. ಒಂದು ದಿನ ಮನಸ್ಸು ಮಂಕಾಗಿದ್ದಾಗ ತನ್ನನ್ನೇ ಕೇಳಿಕೊಂಡ: ನಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಆಗಿಬಿಟ್ಟವು ಎಂದುಕೊ. ನನಗೆ ಸಂತೋಷ ಆಗುತ್ತದಾ? ಒಳಗಿನಿಂದ ಉತ್ತರ ಬಂತು: ಇಲ್ಲ. ಎದೆ ಕುಸಿಯಿತು, ಬದುಕು ಯಾವುದರ ಮೇಲೆ ನಿಂತಿತ್ತೋ ಅದೇ ಬಿದ್ದುಹೋಯಿತು ಎಂದು ಬರೆಯುತ್ತಾನೆ.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಕಷ್ಟ ಹೇಳಿಕೊಳ್ಳಲೇಬೇಕು ಅನ್ನುವಷ್ಟು ಯಾರನ್ನಾದರೂ ಪ್ರೀತಿಸಿದ್ದರೆ ನನಗೆ ಈ ಗತಿಯೇ ಬರುತ್ತಿರಲಿಲ್ಲ ಎನ್ನುತ್ತಾನೆ. ಅಪ್ಪನ ಹತ್ತಿರ ಹೋಗುವ ಹಾಗಿರಲಿಲ್ಲ. ಅಪ್ಪ ಕಟ್ಟಿದ ಓದೇ ಈ ಸೋಲಿಗೆ ಕಾರಣ, ಅದನ್ನು ಅಪ್ಪನಿಗೆ ಹೇಳಿ ನೋಯಿಸಿ ಏನು ಬಂತು? ಎಲ್ಲವನ್ನೂ ಬಿಡಿಸಿ ನೋಡುವ ಅಭ್ಯಾಸ ಜಾಸ್ತಿಯಾದರೆ ಭಾವನೆ ಸವೆದುಹೋಗುತ್ತದೆ ಎಂದು ಅವನಿಗೆ ಗೊತ್ತಾದದ್ದು ಆಗ. ದಿನದ ಕೆಲಸ ಮಾತ್ರ ನಡೆಯುತ್ತಿತ್ತು, ಯಂತ್ರದ ಹಾಗೆ.

ಸುಮಾರು ಅರ್ಧ ವರ್ಷ ಕಳೆದ ಮೇಲೆ ಮಾರ್ಮೊಂಟೆಲ್ ಎಂಬ ಫ್ರೆಂಚ್ ಲೇಖಕನ ನೆನಪುಗಳನ್ನು ಸುಮ್ನೆ ಓದುತ್ತಿದ್ದ. ಅದರಲ್ಲಿ ಒಂದು ಕಡೆ ಆ ಲೇಖಕನ ತಂದೆ ಸಾಯುತ್ತಾನೆ. ಮನೆಯವರು ದಿಕ್ಕು ತೋಚದೆ ಕೂತಿರುತ್ತಾರೆ. ಇನ್ನೂ ಹುಡುಗನಾಗಿದ್ದ ಅವನು ಎದ್ದು, ನೀವು ಕಳೆದುಕೊಂಡದ್ದೆಲ್ಲ ನಾನೇ ಆಗುತ್ತೇನೆ ಎಂದು ಮನೆಯವರಿಗೆ ಧೈರ್ಯ ಹೇಳುತ್ತಾನೆ. ಇದನ್ನು ಓದುತ್ತಾ ಮಿಲ್‌ಗೆ ಕಣ್ಣೀರು ಬಂತು. ನಾನು ಕಲ್ಲಲ್ಲ, ಮರದ ಕೊರಡಲ್ಲ ಎಂದು ಅವನಿಗೆ ಗೊತ್ತಾಯಿತು. ಅಂದಿನಿಂದ ಭಾರ ಇಳಿಯಲು ಶುರುವಾಯಿತು.

ಈ ಅಧ್ಯಾಯವನ್ನು ನಾನು ಮೊದಲು ಓದಿದ್ದು ಪರೀಕ್ಷೆಗಾಗಿ. ನೋಟ್ಸ್ ಮಾಡಿಕೊಂಡು ಮುಂದೆ ಹೋದೆ. ಎರಡನೇ ಸಲ ಓದಿದ್ದು ನಮ್ಮ ತಂದೆ ತೀರಿಕೊಂಡ ವರ್ಷ. ಹದಿಮೂರು ದಿನದ ಕಾರ್ಯ ಎಲ್ಲ ಮುಗಿದಿತ್ತು. ಬಂದವರಿಗೆ ಊಟ ಬಡಿಸಿದ್ದೆ, ಬ್ಯಾಂಕಿಗೆ ಓಡಾಡಿದ್ದೆ, ಅಳು ಬಂದಿರಲಿಲ್ಲ. ಆಮೇಲೆ ಒಂದು ದಿನ ಅಡುಗೆಮನೆಯ ಗೂಡಿನಲ್ಲಿ ಹಾಲಿನ ಲೆಕ್ಕದ ಪುಸ್ತಕ ಸಿಕ್ಕಿತು. ಅಪ್ಪನ ಅಕ್ಷರ. ದಿನಕ್ಕೆ ಒಂದು ಲೀಟರ್, ನೆಂಟರು ಬಂದ ದಿನ ಎರಡು. ಆಸ್ಪತ್ರೆಗೆ ಸೇರಿದ ದಿನದವರೆಗೂ ಬರೆದಿದ್ದರು. ಮುಂದಿನ ದಿನಗಳ ತಾರೀಖು ಮಾತ್ರ ಮೊದಲೇ ಸಾಲಾಗಿ ಹಾಕಿಟ್ಟಿದ್ದರು, ಎದುರಿಗೆ ಏನೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮಿಲ್ ಬರೆದದ್ದು ನನಗೆ ಅರ್ಥವಾದದ್ದು ಆವತ್ತು.

ಈ ಸೋಲಿನಿಂದ ಅವನು ಎರಡು ವಿಷಯ ಕಲಿತ. ಸುಖವನ್ನೇ ಗುರಿ ಮಾಡಿಕೊಂಡು ಹೊರಟರೆ ಅದು ಸಿಗುವುದಿಲ್ಲ, ಬೇರೆ ಯಾವುದೋ ಒಳ್ಳೆಯದರಲ್ಲಿ ತೊಡಗಿದಾಗ ದಾರಿಯಲ್ಲಿ ಸಿಗುತ್ತದೆ. ನಾನು ಸುಖವಾಗಿದ್ದೇನಾ ಎಂದು ಕೇಳಿಕೊಂಡ ತಕ್ಷಣ ಸುಖ ಹೋಗುತ್ತದೆ. ಇದು ಒಂದು. ಬುದ್ಧಿಯ ಜತೆ ಭಾವನೆಗೂ ನೀರೆರೆಯಬೇಕು ಎನ್ನುವುದು ಇನ್ನೊಂದು. ನೆನಪಿಡಿ, ಇವನು ಬೆಳೆದದ್ದು ಬೆಂಥಮ್ ಪಂಥದಲ್ಲಿ. ಎಲ್ಲರ ಸುಖ ಹೆಚ್ಚಿಸುವುದೇ ಧರ್ಮ ಎನ್ನುವವರ ಮನೆಯಲ್ಲಿ. ತನ್ನ ಪಂಥದ ನಡುಮನೆಯಲ್ಲೇ ನಿಂತು, ಸುಖ ಹೀಗೆ ಬರುವುದಿಲ್ಲ ಎಂದು ಹೇಳಲು ಧೈರ್ಯ ಬೇಕು. ಪಂಥವನ್ನು ಬಿಟ್ಟು ಹೋಗಲಿಲ್ಲ. ಅದನ್ನು ಒಳಗಿನಿಂದ ದೊಡ್ಡದು ಮಾಡಿದ. ತತ್ವಜ್ಞಾನಿಯೊಬ್ಬ ತನ್ನ ಕಣ್ಣೀರನ್ನು ವಾದಕ್ಕೆ ಸಾಕ್ಷಿಯಾಗಿ ಇಟ್ಟದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಆ ದಿನಗಳಲ್ಲಿ ಅವನಿಗೆ ಸಂಗೀತದ ಬಗ್ಗೆ ಒಂದು ಭಯ ಹಿಡಿದಿತ್ತು. ಸ್ವರಗಳು ಇರುವುದೇ ಇಷ್ಟು, ಅವುಗಳನ್ನು ಜೋಡಿಸುವ ಚೆಲುವಾದ ಬಗೆಗಳೂ ಒಂದು ದಿನ ಮುಗಿದುಹೋಗಬಹುದಲ್ಲ, ಆಮೇಲೆ ಹೊಸ ಮೊಜಾರ್ಟ್ ಎಲ್ಲಿಂದ ಬರಬೇಕು? ಇದು ಅವನ ಚಿಂತೆ. ಒಂದೇ ರಾಗವನ್ನು ಒಂದು ಗಂಟೆ ಹಾಡಿದರೂ ಮುಗಿಯಲಿಲ್ಲ ಎನ್ನುವ ಕಚೇರಿ ಕೇಳಿ ಬೆಳೆದವರಿಗೆ, ಆ ಹುಡುಗನ ಪಕ್ಕ ಒಂದು ಸಂಜೆ ಕೂತು ಹಾಡಬೇಕಿತ್ತು ಅನ್ನಿಸುತ್ತದೆ. ಕೊನೆಗೆ 1828ರಲ್ಲಿ ಅವನ ಮನಸ್ಸಿಗೆ ಮದ್ದಾದದ್ದು ವರ್ಡ್ಸ್‌ವರ್ತ್ ಕವಿತೆಗಳು. ಆ ಋಣವನ್ನೂ ಬರೆದಿಟ್ಟಿದ್ದಾನೆ.

ಲೋಕಕ್ಕೆ ತಿಳಿಯುವ ಅವಕಾಶವೇ ಬರಲಿಲ್ಲ ಎಂದು ಮೊದಲ ಪುಟದಲ್ಲಿ ಹೇಳಿದ್ದು ಹ್ಯಾರಿಯೆಟ್ ಟೇಲರ್ ಬಗ್ಗೆ. 1830ರಲ್ಲಿ ಭೇಟಿಯಾದಾಗ ಆಕೆಗೆ ಆಗಲೇ ಮದುವೆಯಾಗಿತ್ತು, ಮಕ್ಕಳಿದ್ದರು. ಇಪ್ಪತ್ತು ವರ್ಷ ಸ್ನೇಹಿತರಾಗಿಯೇ ಇದ್ದರು. ಆಕೆಯ ಗಂಡ 1849ರಲ್ಲಿ ತೀರಿಕೊಂಡ. 1851ರಲ್ಲಿ ಇವರ ಮದುವೆ. ಮದುವೆಗೆ ಮೊದಲು ಮಿಲ್ ಒಂದು ಹೇಳಿಕೆ ಬರೆದಿಟ್ಟ: ಹೆಂಡತಿಯ ಮೇಲೆ, ಆಕೆಯ ಆಸ್ತಿಯ ಮೇಲೆ ಕಾನೂನು ಗಂಡನಿಗೆ ಕೊಡುವ ಅಧಿಕಾರ ನನಗೆ ಬೇಡ, ಮದುವೆಗೆ ಮೊದಲು ಆಕೆಗೆ ಎಷ್ಟು ಸ್ವಾತಂತ್ರ್ಯವಿತ್ತೋ ಆಮೇಲೂ ಅಷ್ಟೇ ಇರಬೇಕು. ಏಳೂವರೆ ವರ್ಷ ಸಂಸಾರ. 1858ರ ನವೆಂಬರಿನಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಆಕೆ ತೀರಿಕೊಂಡಳು. ಸಮಾಧಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಮಿಲ್ ಒಂದು ಮನೆ ಕೊಂಡ. ಅಲ್ಲಿಂದ ಮುಂದೆ ವರ್ಷದ ಬಹುಪಾಲು ಅಲ್ಲೇ. ಅವನು ತೀರಿಕೊಂಡದ್ದೂ ಅಲ್ಲೇ, 1873ರ ಮೇ 7ರಂದು.

'ಆನ್ ಲಿಬರ್ಟಿ'ಯ ಒಂದೊಂದು ವಾಕ್ಯವನ್ನೂ ನಾವಿಬ್ಬರೂ ಕೂತು ಎಷ್ಟೋ ಸಲ ನೋಡಿದ್ದೇವೆ ಎನ್ನುತ್ತಾನೆ. ಆತ್ಮಕಥೆಯಲ್ಲಿ ಆಕೆಯನ್ನು ಹೊಗಳುವುದನ್ನು ಓದಿ ತುಂಬ ವಿದ್ವಾಂಸರು ಹುಬ್ಬೇರಿಸಿದ್ದಾರೆ. ಹೊಗಳಿಕೆ ಜಾಸ್ತಿ ಆಯಿತು ಎನ್ನುವುದು ನಿಜ, ನನಗೂ ಹಾಗೇ ಕಂಡಿದೆ. ಆದರೆ ಗಂಡನ ಪುಸ್ತಕದಲ್ಲಿ ಹೆಂಡತಿಯ ದುಡಿಮೆ ಕಾಣದೇ ಹೋಗುವುದು ಲೋಕದ ರೂಢಿ. ಒಬ್ಬನು ಮಾತ್ರ ಇನ್ನೊಂದು ಕಡೆಗೆ ತಪ್ಪಿದರೆ ಅವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

1865ರಲ್ಲಿ ಮಿಲ್ ಪಾರ್ಲಿಮೆಂಟಿಗೆ ನಿಂತ. ಖರ್ಚು ಮಾಡುವುದಿಲ್ಲ, ಮನೆಮನೆಗೆ ಹೋಗಿ ವೋಟು ಕೇಳುವುದಿಲ್ಲ ಎಂದು ಮೊದಲೇ ಹೇಳಿದ್ದ. ಕೂಲಿಕಾರರೇ ತುಂಬಿದ್ದ ಒಂದು ಸಭೆ. ಹಿಂದೆ ಯಾವುದೋ ಬರಹದಲ್ಲಿ ಅವನು, ಇಂಗ್ಲೆಂಡಿನ ಕಾರ್ಮಿಕರಿಗೆ ಸುಳ್ಳು ಹೇಳಲು ನಾಚಿಕೆ ಇದೆ, ಆದರೂ ಸಾಮಾನ್ಯವಾಗಿ ಸುಳ್ಳು ಹೇಳುತ್ತಾರೆ ಎಂದು ಬರೆದಿದ್ದ. ವಿರೋಧಿಗಳು ಅದನ್ನೇ ದೊಡ್ಡದಾಗಿ ಅಚ್ಚು ಹಾಕಿಸಿದ್ದರು. ಅದನ್ನು ಅವನ ಕೈಗೆ ಕೊಟ್ಟು, ಇದನ್ನು ನೀವು ಬರೆದಿದ್ದೀರಾ ಎಂದು ಕೇಳಿದರು. 'ಬರೆದಿದ್ದೇನೆ' ಎಂದ. ಅಷ್ಟೇ. ಸಭೆಯ ತುಂಬ ಚಪ್ಪಾಳೆ. ಆಡ್ಜರ್ ಎಂಬ ಕಾರ್ಮಿಕ ಮುಖಂಡ ಎದ್ದು, ನಮಗೆ ಬೇಕಾದವರು ಗೆಳೆಯರು, ಹೊಗಳುಭಟ್ಟರಲ್ಲ ಎಂದ. ಮಿಲ್ ಗೆದ್ದ.

1867ರ ಮೇ 20, ಅವನ ಅರವತ್ತೊಂದನೇ ಹುಟ್ಟುಹಬ್ಬ. ಅವತ್ತು ಮತದಾನದ ಮಸೂದೆಯಲ್ಲಿ 'ಗಂಡಸು' ಎಂಬ ಅರ್ಥದ ಪದ ತೆಗೆದು 'ವ್ಯಕ್ತಿ' ಎಂದು ಹಾಕಬೇಕು ಎಂದು ತಿದ್ದುಪಡಿ ತಂದ. ಪರವಾಗಿ 73, ವಿರುದ್ಧ 196. ಸೋತ. ಪಾರ್ಲಿಮೆಂಟಿನಲ್ಲಿ ನಾನು ಮಾಡಿದ ನಿಜವಾಗಿ ಮುಖ್ಯವಾದ ಕೆಲಸ ಬಹುಶಃ ಇದೊಂದೇ ಎಂದು ಆತ್ಮಕಥೆಯಲ್ಲಿ ಬರೆಯುತ್ತಾನೆ. ಸೋತ ದಿನವನ್ನೇ ಮುಖ್ಯ ಎಂದು ಎಣಿಸುವವನು ಸಣ್ಣ ಮನುಷ್ಯ ಅಲ್ಲ.

ಇಷ್ಟು ಪ್ರಾಮಾಣಿಕ ಆದ್ದರಿಂದಲೇ, ಬರೆಯದೆ ಬಿಟ್ಟ ಎರಡು ಋಣ ನನ್ನನ್ನು ಬಿಡುವುದಿಲ್ಲ.

ಒಂದು ಅನ್ನದ ಋಣ. 1823ರಲ್ಲಿ, ಹದಿನೇಳು ತುಂಬಿದ ಮರುದಿನವೇ, ಮಿಲ್ ಈಸ್ಟ್ ಇಂಡಿಯಾ ಕಂಪನಿಯ ಕಚೇರಿ ಸೇರಿದ. ಲಂಡನ್ನಿನ ಲೆಡನ್‌ಹಾಲ್ ಬೀದಿಯ ಇಂಡಿಯಾ ಹೌಸ್. ಅಪ್ಪನ ಕೈಕೆಳಗೇ ಕೆಲಸ. ಅಪ್ಪನಿಗೆ 1819ರಲ್ಲಿ ಅಲ್ಲಿ ನೌಕರಿ ಸಿಗಲು ಆ ಇತಿಹಾಸದ ಪುಸ್ತಕವೇ ಮುಖ್ಯ ಕಾರಣ. ಜೇಮ್ಸ್ ಮಿಲ್ ಭಾರತಕ್ಕೆ ಬಂದವನಲ್ಲ, ನಮ್ಮ ಒಂದು ಭಾಷೆಯೂ ಬರುತ್ತಿರಲಿಲ್ಲ. ಅದು ಕೊರತೆಯಲ್ಲ ಎಂದು ಮುನ್ನುಡಿಯಲ್ಲಿ ವಾದವನ್ನೇ ಮಾಡಿದ್ದಾನೆ. ಅಚ್ಚಿಗೆ ಹೋಗುವಾಗ ಹಸ್ತಪ್ರತಿಯನ್ನು ಓದಿ ಹೇಳಿದವನು ಸಣ್ಣ ಹುಡುಗ ಜಾನ್. ಹಿಂದೂಗಳ ಬಗ್ಗೆ ಆ ಪುಸ್ತಕ ಕೊಟ್ಟ ಕಠೋರ ತೀರ್ಪು ಆ ಮಗುವಿನ ಬಾಯಲ್ಲೇ ಹಾದುಹೋಗಿದೆ.

ಮಿಲ್ ಮೂವತ್ತೈದು ವರ್ಷ ಆ ಕಚೇರಿಯಲ್ಲಿದ್ದ. ಅದರಲ್ಲಿ ಬಹುಪಾಲು ದೇಶೀ ಸಂಸ್ಥಾನಗಳ ಪತ್ರವ್ಯವಹಾರ ನೋಡುವ ವಿಭಾಗದಲ್ಲಿ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಂಪನಿ ತೆಗೆದುಕೊಂಡಾಗ, 1834ರಲ್ಲಿ ಕೊಡಗನ್ನು ನುಂಗಿದಾಗ, ಅವನು ಆ ಕಟ್ಟಡದಲ್ಲೇ ಕೂತಿದ್ದ. ಅಪ್ಪನ ಹಾಗೆ ಅವನೂ ಇತ್ತ ಕಾಲಿಡಲಿಲ್ಲ. ಆತ್ಮಕಥೆಯಲ್ಲಿ ಈ ನೌಕರಿಗೆ ಸಿಕ್ಕಿರುವ ಜಾಗ ಕೆಲವೇ ಪುಟ. ಅದರಲ್ಲೂ ಹೇಳುವುದೇನು? ಹೊಟ್ಟೆಪಾಡಿಗೆ ಇದು ಒಳ್ಳೆಯ ದಾರಿ, ಬರೆಯುವವನಿಗೆ ಸಮಯ ಉಳಿಯುತ್ತದೆ, ಕಚೇರಿಯ ಕೆಲಸ ಬೇರೆ ಚಿಂತನೆಗೆ ವಿಶ್ರಾಂತಿಯಂತೆ ಇತ್ತು, ನಾಲ್ಕು ಜನರನ್ನು ಒಪ್ಪಿಸಿ ಕೆಲಸ ಮಾಡಿಸುವುದನ್ನು ಅಲ್ಲಿ ಕಲಿತೆ. ಎಲ್ಲವೂ ನಿಜ. ಯಾವ ನೌಕರನಿಗೂ ಇದು ಗೊತ್ತಿರುವ ಸತ್ಯ.

ಆದರೆ ಆ ಸಂಬಳ ಎಲ್ಲಿಂದ ಬರುತ್ತಿತ್ತು? 1833ರ ಕಾಯ್ದೆಯ ನಂತರ ಕಂಪನಿಗೆ ವ್ಯಾಪಾರವೇ ಇರಲಿಲ್ಲ. ಲಂಡನ್ನಿನ ಕಚೇರಿಯ ಖರ್ಚು ಬರುತ್ತಿದ್ದುದು ಭಾರತದ ಆದಾಯದಿಂದ. ಆ ಆದಾಯದಲ್ಲಿ ದೊಡ್ಡ ಪಾಲು ಭೂಕಂದಾಯ. ಅಂದರೆ ಕೊನೆಗೆ ರೈತ. ಮಿಲ್ ತರ್ಕಶಾಸ್ತ್ರ ಬರೆದ ಸಮಯ, ಅರ್ಥಶಾಸ್ತ್ರ ಬರೆದ ಸಮಯ, ಅದನ್ನು ಕೊಂಡುಕೊಟ್ಟವನು ಮಳೆ ನೋಡಿಕೊಂಡು ಕೂತ ಇಲ್ಲಿನ ಒಬ್ಬ ರೈತ. 1858ರಲ್ಲಿ ಕಂಪನಿ ಹೋಗಿ ರಾಣಿಯ ಆಡಳಿತ ಬಂದಾಗ ಮಿಲ್ ವರ್ಷಕ್ಕೆ 1,500 ಪೌಂಡ್ ಪಿಂಚಣಿ ಪಡೆದು ನಿವೃತ್ತನಾದ. ಕಂಪನಿಯನ್ನು ಉಳಿಸಿ ಎಂಬ ಮನವಿ ಬರೆದವನೂ ಅವನೇ. ಭಾರತದ ಆಡಳಿತವನ್ನು ಎರಡನೇ, ಮೂರನೇ ದರ್ಜೆ ರಾಜಕಾರಣಿಗಳು ಕಿತ್ತಾಡುವ ವಸ್ತುವನ್ನಾಗಿ ಮಾಡಿದರು ಎಂದು ಆತ್ಮಕಥೆಯಲ್ಲಿ ನೊಂದುಕೊಂಡಿದ್ದಾನೆ. ಆ ದೇಶದ ಜನರನ್ನು ಕೇಳಬೇಕಿತ್ತು ಎಂದು ಅಲ್ಲಿ ಹೇಳುವುದಿಲ್ಲ.

ಮರುವರ್ಷ ಬಂದ 'ಆನ್ ಲಿಬರ್ಟಿ'ಯ ಮೊದಲ ಅಧ್ಯಾಯದಲ್ಲೇ ಆ ಮಾತಿದೆ: ಈ ಸ್ವಾತಂತ್ರ್ಯದ ತತ್ವ ಹಿಂದುಳಿದ ಸಮಾಜಗಳಿಗೆ ಅನ್ವಯಿಸುವುದಿಲ್ಲ, ಅಂಥವರಿಗೆ ಒಬ್ಬ ಅಕ್ಬರನೋ ಶಾರ್ಲಮೇನನೋ ಸಿಕ್ಕರೆ ಅವನ ಮಾತು ಕೇಳಿಕೊಂಡಿರುವುದೇ ಭಾಗ್ಯ. ಆ ಪುಟವನ್ನು ತರಗತಿಯಲ್ಲಿ ಓದಿಸುವಾಗ ಪ್ರತಿ ವರ್ಷ ನನ್ನ ದನಿ ಬದಲಾಗುತ್ತಿತ್ತು. ನನಗೆ ಇವನ ಮೇಲೆ ಪ್ರೀತಿ ಇದೆ. ಪ್ರೀತಿ ಇರುವುದರಿಂದಲೇ ಆ ಪುಟ ಹಾರಿಸಲಿಲ್ಲ.

ಇನ್ನೊಂದು, ಶುರುವಿನಲ್ಲೇ ಹೇಳಿದ್ದು. ತಾಯಿಯ ಋಣ.

ಅಮ್ಮನ ಬಗ್ಗೆ ಅವನು ಬರೆದೇ ಇರಲಿಲ್ಲ ಎಂದಲ್ಲ. ಆತ್ಮಕಥೆಯ ಮೊದಲ ಕರಡು ಉಳಿದುಕೊಂಡಿದೆ. ಅದು ಪುಸ್ತಕವಾಗಿ ಬಂದದ್ದು 1961ರಲ್ಲಿ. ಅಮ್ಮ ಅದರಲ್ಲಿದ್ದಾಳೆ. ಏನು ಬರೆದಿದ್ದ? ನಿಜವಾಗಿ ಬೆಚ್ಚನೆಯ ಮನಸ್ಸಿನ ತಾಯಿ ಇದ್ದಿದ್ದರೆ ಅಪ್ಪನೂ ಬೇರೆಯೇ ಮನುಷ್ಯ ಆಗುತ್ತಿದ್ದ, ಮಕ್ಕಳೂ ಪ್ರೀತಿಸುತ್ತಾ, ಪ್ರೀತಿ ಪಡೆಯುತ್ತಾ ಬೆಳೆಯುತ್ತಿದ್ದರು. ಆದರೆ ನನ್ನ ಅಮ್ಮನಿಗೆ, ಮನಸ್ಸು ಎಷ್ಟೇ ಒಳ್ಳೆಯದಿದ್ದರೂ, ಮಕ್ಕಳಿಗಾಗಿ ದುಡಿದು ಸವೆಯುವುದು ಮಾತ್ರ ಗೊತ್ತಿತ್ತು. ಹೀಗೆ ಬರೆದು, ಆಮೇಲೆ ಹೊಡೆದುಹಾಕಿದ. ಆ ಕರಡಿನ ಮೇಲೆ ಹೆಂಡತಿಯ ಪೆನ್ಸಿಲ್ ಗುರುತುಗಳೂ ಇವೆ. ಅವನ ಮದುವೆಯ ವಿಷಯಕ್ಕೆ ತಾಯಿ, ತಂಗಿಯರ ಜತೆ ಆಗ ಮನಸ್ತಾಪ ಇತ್ತು. ಅವನು ಕರಡು ಬರೆಯುತ್ತಿದ್ದ ಕಾಲದಲ್ಲೇ, 1854ರಲ್ಲಿ, ತಾಯಿ ತೀರಿಕೊಂಡಳು.

ದುಡಿದು ಸವೆಯುವುದು ಮಾತ್ರ ಗೊತ್ತಿತ್ತು. ಈ ಮಾತನ್ನು ನಾನು ಎಷ್ಟು ಸಲ ಓದಿದ್ದೇನೋ. ಅವಳು ಹೆತ್ತದ್ದು ಒಂಬತ್ತು ಮಕ್ಕಳನ್ನು. ಆ ಮೇಜನ್ನು ಈಗ ಮತ್ತೆ ನೆನಪು ಮಾಡಿಕೊಳ್ಳಿ. ಒಂದು ಕಡೆ ಅಪ್ಪ, ಎದುರಿಗೆ ಮಗ, ನಡುವೆ ಗ್ರೀಕ್ ಪುಸ್ತಕ, ಭಾರತದ ಕಾಗದಗಳು. ಬಾಗಿಲಿನ ಆಚೆ ಕೈಗೂಸು ಅಳುತ್ತಿದ್ದರೆ ಅದನ್ನು ಎತ್ತಿಕೊಂಡವಳು ಯಾರು? ಆ ಕೋಣೆಯ ಮೌನ ಎಲ್ಲಿಂದ ಬಂತು? ಹೆಂಗಸರ ಅಧೀನ ಸ್ಥಿತಿಯ ಬಗ್ಗೆ ಅವನ ಕಾಲದಲ್ಲಿ ಅವನಷ್ಟು ಚೆನ್ನಾಗಿ ಬರೆದ ಗಂಡಸು ಇನ್ನೊಬ್ಬನಿಲ್ಲ. ಆ ಸ್ಥಿತಿಯನ್ನು ಅವನು ಮೊದಲು ನೋಡಿದ್ದು ಆ ಮನೆಯಲ್ಲೇ ಅಲ್ವಾ?

ನನ್ನ ಮಾತು ಇಲ್ಲಿಗೆ ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಬೆಂಥಮ್ ಬಗ್ಗೆ ಒಬ್ಬರು ಕೇಳಿದರು, ವರ್ಡ್ಸ್‌ವರ್ತ್ ಬಗ್ಗೆ ಒಬ್ಬರು. ಎರಡನೇ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಒಬ್ಬ ಅಮ್ಮ ಕೈ ಎತ್ತಿದರು.

'ಇಷ್ಟು ಹೊತ್ತು ಅವರ ತಾಯಿ ವಿಷಯ ಹೇಳಿದಿರಿ. ಹೆಸರು ಹೇಳಲೇ ಇಲ್ಲವಲ್ಲಪ್ಪ?'

ಹೌದು, ಹೇಳಿರಲಿಲ್ಲ. ನಾನೂ ಬಿಟ್ಟಿದ್ದೆ.

'ಹ್ಯಾರಿಯೆಟ್ ಅಮ್ಮ, ಹ್ಯಾರಿಯೆಟ್ ಬರೋ. ಹೆಂಡತಿಯ ಹೆಸರೂ ಹ್ಯಾರಿಯೆಟ್ಟೇ' ಎಂದೆ.

'ಬೋರ್ಡಿನ ಮೇಲೆ ಬರೀರಿ' ಎಂದರು. ಬರೆದೆ.